ಹಂಪಮ್ಮನ ಹೆಸರಿನ ಐದು ಎಲೆ

2003ರ ಶ್ರಾವಣ. ಗುರುವಾರ ಸಂಜೆ ಐದರಿಂದ ಆರರೊಳಗೆ ಗೋದಾಬಾಯಿ ಅಂಗಳವನ್ನು ಮೂರು ಸಲ ಗುಡಿಸಿದರು. ಮಲ್ಕಾಜ್‌ಗಿರಿ ಸ್ಟೇಷನ್ನಿನಲ್ಲಿ ರೈಲು ನಿಂತ ಸದ್ದಾದಾಗಲೆಲ್ಲ ಗೇಟಿನವರೆಗೆ ಹೋಗಿ ಬಂದರು. ಮಹಡಿಯ ಬಾಡಿಗೆಯ ಹುಡುಗಿ ರಶ್ಮಿ ತನ್ನ ಸಾಫ್ಟ್‌ವೇರ್ ಕಂಪನಿಯಿಂದ ಒಂದು ಹಾಳೆ ಪ್ರಿಂಟ್ ಮಾಡಿಕೊಂಡು ಬರಬೇಕಿತ್ತು. ಅದು ಬಾರದಿದ್ದರೇ ಒಳ್ಳೆಯದು ಎಂದು ಈಗ ಅನಿಸತೊಡಗಿತ್ತು.

ಕೇಳಿ ತರಿಸಿದವರು ಅವರೇ. ಅವರ ತಾಯಿಯ ತಂದೆ, ರಾಯಚೂರು ಕಡೆಯ ಮೌನಪ್ಪ, 1909ರಲ್ಲಿ ಮದ್ರಾಸಿನಿಂದ ಹಡಗು ಹತ್ತಿ ಫಿಜಿಯ ಕಬ್ಬಿನ ತೋಟಕ್ಕೆ ಹೋದ. ಐದು ವರ್ಷದ ಕರಾರು. ಬಂದದ್ದು ಒಂದೇ ಕಾಗದ. ಹದಿನೇಳರ ಹೆಂಡತಿ ಹಂಪಮ್ಮ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಕಾದಳು. 1952ರಲ್ಲಿ ಕುಂಕುಮ, ಹಸಿರು ಬಳೆ ಇದ್ದಂತೆಯೇ ತೀರಿಕೊಂಡಳು. ಮುತ್ತೈದೆಯಾಗಿ ಹೋದವಳೆಂದು, ಮರುವರ್ಷದಿಂದ ಶ್ರಾವಣದ ಎರಡನೆಯ ಶುಕ್ರವಾರ ಐವರು ಮುತ್ತೈದೆಯರಿಗೆ ಹೋಳಿಗೆ ಊಟ ಹಾಕಿ ಉಡಿ ತುಂಬುವ ಪದ್ಧತಿ. ಹೂರಣಕ್ಕೆ ಬೆಲ್ಲ ಮಾತ್ರ. ಹಂಪಮ್ಮ ಸಕ್ಕರೆಯನ್ನು ಮನೆಯೊಳಗೆ ಬಿಟ್ಟವಳಲ್ಲ.

ಸತ್ತ ದಿನ ಗೊತ್ತಾದರೆ ಮೌನಪ್ಪನಿಗೂ ಎಡೆ ಇಡಬಹುದೆಂದು ಗೋದಾಬಾಯಿ ರಶ್ಮಿಯಿಂದ ಫಿಜಿಯ ಹಳೆಯ ದಾಖಲೆಗಳ ಕಚೇರಿಗೆ ಇ-ಮೇಲ್ ಬರೆಸಿದ್ದರು. ಆ ದಿನ 1952ಕ್ಕಿಂತ ಹಿಂದಿನದಾಗಿದ್ದರೆ? ಇದು ಹೊಳೆದದ್ದು ಇ-ಮೇಲ್ ಹೋದ ಮೇಲೆ. ನಾಳೆಯೇ ಐವತ್ತೊಂದನೆಯ ಊಟ.

ರಶ್ಮಿ ಬಂದಳು. “ಓದ್ಲೇನ್ರಿ ಅಮ್ಮಾರ?”

“ಓದು. ಬ್ಯಾಡ, ಚಹಾ ಕುಡದು ಓದು. ಏ, ಓದಿಬಿಡವ್ವ.”

ನಾಲ್ಕೇ ಸಾಲು. ಮೌನಪ್ಪನ ಊರು, ತಂದೆಯ ಹೆಸರು ಸರಿಯಿದ್ದವು. 1913ರ ಮಾರ್ಚಿನಲ್ಲಿ ಹನ್ನೊಂದು ಕೂಲಿಗಳೊಂದಿಗೆ ಕೆಲಸ ನಿಲ್ಲಿಸಿದ್ದಕ್ಕೆ ಒಂದು ತಿಂಗಳ ಜೈಲು. ಜೂನ್ ಒಂಬತ್ತರಂದು ಜ್ವರದಿಂದ ಸಾವು.

“ನಿಜಾಮನ ವಿರುದ್ಧ ಜೈಲಿಗೆ ಹೋದವರಿಗೆ ತಾಮ್ರಪತ್ರ ಕೊಟ್ರು. ಈತ ಇಂಗ್ಲಿಷರಿಗೆ ಎದುರು ನಿಂತಾನ, ಊರ ಮಂದಿ ಹೆಂಡ್ತೀನ ಬಿಟ್ಟು ಓಡಿಹೋದ ಅಂದ್ರು,” ಎಂದರು ಗೋದಾಬಾಯಿ. ಆಮೇಲೆ ಬೆರಳೆಣಿಸಿದರು. 1913ರಿಂದ 1952ಕ್ಕೆ ಮೂವತ್ತೊಂಬತ್ತು ವರ್ಷ.

ಒಳಗೆ ನೆರೆಮನೆಯ ಪಾರ್ವತಿಬಾಯಿ ಕಡಲೆಬೇಳೆ ಆರಿಸುತ್ತಿದ್ದರು. ಪ್ರತಿವರ್ಷ ಹೋಳಿಗೆಯೆಲ್ಲ ಅವರದೇ ಕೈಯದು. ಗಂಡ ತೀರಿದ ಮೇಲೆ, ಉಡಿ ತುಂಬುವ ಹೊತ್ತಿಗೆ ಹಿತ್ತಲಿಗೆ ಹೋಗಿ ಕೂರುತ್ತಿದ್ದರು.

“ವೈನಿ, ಐದೂ ಮಂದಿಗೆ ಹೇಳೀರಿಲ್ಲೋ?”

ಗೋದಾಬಾಯಿ ಮತ್ತೆ ಗೇಟಿನವರೆಗೆ ಹೋಗಿ ಬಂದರು. ಈ ಸಲ ರೈಲೇನೂ ಬಂದಿರಲಿಲ್ಲ.

“ನಾಕು ಮಂದಿಗೆ ಹೇಳೀನಿ. ಐದನೇದಾಕಿ ನೀನ.”

“ತಲಿ ಕೆಟ್ಟೈತೇನ್ರಿ? ನನಗ ಉಡಿ ತುಂಬಿದ್ರ ಮಂದಿ ಏನಂದಾರು?”

“ಊಟ ಹಂಪಮ್ಮನ ಹೆಸರಿಂದು. ಆಕೀನೂ ಇಪ್ಪತ್ತೊಂದಕ್ಕ ನಿನ್ನಂಗ ಆಗಿದ್ಲು. ಯಾರೂ ಹೇಳಿದ್ದಿಲ್ಲ, ಅಷ್ಟ.”

ಶುಕ್ರವಾರ ಮೊದಲ ಎಲೆಯ ಮುಂದೆ ಪಾರ್ವತಿಬಾಯಿ ಕೂತರು. ಸೆರಗಿಗೆ ತೆಂಗಿನಕಾಯಿ ಬಿದ್ದಾಗ ಪಕ್ಕದ ಎಲೆಗೆ ಕೂತಿದ್ದ ಎದುರುಮನೆಯಾಕೆ ಎದ್ದು ಹೋದರು. ಪಾರ್ವತಿಬಾಯಿಯೂ ಏಳಹೋದರು.

“ಕೂಡು,” ಎಂದರು ಗೋದಾಬಾಯಿ.

ಎದ್ದುಹೋದಾಕೆಯ, ಇನ್ನೂ ಬಡಿಸದಿದ್ದ ಎಲೆಯನ್ನು ಅವರು ಮಡಿಸಲಿಲ್ಲ. ಅದಕ್ಕೆ ಎರಡು ಹೋಳಿಗೆ ಬಡಿಸಿ, ತುಪ್ಪ ಹಾಕಿ, ಎತ್ತಿ ದೇವರ ಗೂಡಿನ ಮುಂದೆ ಮೌನಪ್ಪನ ಎಡೆಯಾಗಿ ಇಟ್ಟರು.