ಈ ಕಡೆ ಗುಬ್ಬಿ ಮಲಗಿದೆ

ಸತ್ತವರು ಮಾತಾಡಿದರು, ಹತ್ತಿರ ಬಂದು ನಿಂತಂತಾಯಿತು ಎಂದು ಯಾರಾದರೂ ಶುರು ಮಾಡಿದರೆ ನಾನು ಏನಾದರೂ ನೆಪ ಮಾಡಿ ಎದ್ದು ಹೋಗುತ್ತಿದ್ದೆ. ಬಸವನಗುಡಿಯ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಬಹಳ ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವಳು ನಾನು. ಇಂಥ ಮಾತನ್ನು ವಿದ್ಯಾರ್ಥಿನಿಯರು ಆಡಿದರೆ ನಗುತ್ತಿದ್ದೆ, ನೆಂಟರು ಆಡಿದರೆ ಸಿಟ್ಟಾಗುತ್ತಿದ್ದೆ. ಈಗ ಅದೇ ಬಗೆಯ ಸಂಗತಿಯನ್ನು ನಾನೇ ಬರೆಯಲು ಕೂತಿದ್ದೇನೆ. ಓದುವವರು ನಂಬಬೇಕೆಂಬ ಹಟವೇನೂ ಇಲ್ಲ. ನನಗೇ ಪೂರ್ತಿ ನಂಬಲು ಆಗಿಲ್ಲ.

ನನಗೆ ವರ್ಷ ತುಂಬುವ ಮೊದಲೇ ಅಮ್ಮ ತೀರಿಕೊಂಡಳು. ಟೈಫಾಯಿಡ್ ಆಗಿತ್ತು ಎಂದು ಮನೆಯಲ್ಲಿ ಹೇಳುತ್ತಿದ್ದರು. ನನ್ನನ್ನು ಬೆಳೆಸಿದ್ದು ಅಮ್ಮನ ತಂಗಿ, ನನ್ನ ಚಿಕ್ಕಮ್ಮ. ಅಕ್ಕನ ಮಗುವನ್ನು ನೋಡಿಕೊಳ್ಳಲೆಂದು ಶಂಕರಪುರದ ನಮ್ಮ ಮನೆಗೆ ಬಂದವಳು ಅಲ್ಲೇ ಉಳಿದಳು, ಮದುವೆಯನ್ನೂ ಆಗಲಿಲ್ಲ. ನನಗೆ ಜ್ವರ ಬಂದರೆ ಅವಳು ಊಟ ಬಿಡುತ್ತಿದ್ದಳು. ನನ್ನ ಮದುವೆಯ ಕಾರ್ಡು ಚೆನ್ನಾಗಿರಬೇಕೆಂದು ಸುಲ್ತಾನ್‌ಪೇಟೆಯ ಅಂಗಡಿಗಳನ್ನೆಲ್ಲ ಸುತ್ತಿದವಳು ಅವಳೇ. ಮದುವೆಯಾದ ಮೇಲೂ ನಾನು ಅವಳನ್ನು ಬಿಟ್ಟಿರಲಿಲ್ಲ. ಅವಳು ನನ್ನಿಂದ ಏನಾದರೂ ಮುಚ್ಚಿಡಬಹುದು ಎಂಬ ಯೋಚನೆ ನನಗೆ ಯಾವತ್ತೂ ಬಂದದ್ದಿಲ್ಲ.

ನಲವತ್ತು ದಾಟಿದ ಮೇಲೆ ನಾನು ಪ್ರತಿವರ್ಷ ತಪ್ಪದೆ ಮ್ಯಾಮೋಗ್ರಾಮ್ ಮಾಡಿಸಿಕೊಳ್ಳುತ್ತಿದ್ದೆ. ಜೊತೆಗೆ ಚಿಕ್ಕಮ್ಮ ಬರುತ್ತಿದ್ದಳು. ಡಾಕ್ಟರು ಕೇಳುತ್ತಿದ್ದ ಒಂದು ಪ್ರಶ್ನೆ ಯಾವಾಗಲೂ ಇದ್ದೇ ಇರುತ್ತಿತ್ತು: "ನಿಮ್ಮ ತಾಯಿ ಕಡೆ ಯಾರಿಗಾದ್ರೂ ಬ್ರೆಸ್ಟ್ ಕ್ಯಾನ್ಸರ್ ಇತ್ತಾ?" ನಾನು ಇಲ್ಲ ಎನ್ನುವಷ್ಟರಲ್ಲಿ ಪಕ್ಕದಲ್ಲಿ ಕೂತ ಚಿಕ್ಕಮ್ಮ, "ನಮ್ಮನೇಲಿ ಯಾರಿಗೂ ಇಲ್ಲ ಡಾಕ್ಟ್ರೇ" ಎಂದುಬಿಡುತ್ತಿದ್ದಳು. ವರದಿಯಲ್ಲೂ ಏನೂ ಇರುತ್ತಿರಲಿಲ್ಲ. ಇಬ್ಬರೂ ಹೋಟೆಲಿನಲ್ಲಿ ದೋಸೆ ತಿಂದು ಮನೆಗೆ ಬರುತ್ತಿದ್ದೆವು.

ಕೆಲವು ವರ್ಷಗಳ ಹಿಂದೆ ಹೊಸ ಡಾಕ್ಟರೊಬ್ಬರು ಬಂದರು. ಆಕೆ ನನ್ನ ಹಳೆಯ ಫಿಲ್ಮುಗಳನ್ನೆಲ್ಲ ಬೆಳಕಿಗೆ ಹಿಡಿದು ನೋಡಿದರು. ನನ್ನ ಸ್ತನದ ಅಂಗಾಂಶ ದಟ್ಟವಾಗಿದೆಯಂತೆ. ಮಾಮೂಲಿ ಮ್ಯಾಮೋಗ್ರಾಮಿನಲ್ಲಿ ದಟ್ಟ ಅಂಗಾಂಶವೂ ಬಿಳಿ, ಗಂಟೂ ಬಿಳಿ. "ಇದ್ರೂ ಕಾಣಲ್ಲ ಮೇಡಂ, ಮಂಜಲ್ಲಿ ಬಿಳಿ ಬೆಕ್ಕು ಹುಡುಕಿದ ಹಾಗೆ" ಎಂದರು. ಕಾಂಟ್ರಾಸ್ಟ್ ಮ್ಯಾಮೋಗ್ರಾಮ್ ಮಾಡೋಣ ಎಂದರು. ಕೈಯ ನರಕ್ಕೆ ಅಯೋಡಿನ್ ಇರುವ ಔಷಧ ಕೊಡುತ್ತಾರೆ. ಕೆಟ್ಟ ಗಂಟು ತನಗಾಗಿ ಹೊಸ ರಕ್ತನಾಳಗಳನ್ನು ಬೆಳೆಸಿಕೊಂಡಿರುತ್ತದೆ, ಔಷಧ ಅಲ್ಲಿ ಹೆಚ್ಚು ಸೇರುತ್ತದೆ. ಬೇರೆ ಬೇರೆ ಶಕ್ತಿಯ ಎಕ್ಸ್‌ರೇಯಲ್ಲಿ ಚಿತ್ರ ತೆಗೆದು, ಒಂದರಿಂದ ಇನ್ನೊಂದನ್ನು ಕಳೆದರೆ ಮಂಜು ಹೋಗಿ ಬೆಕ್ಕು ಮಾತ್ರ ಉಳಿಯುತ್ತದೆ. ಈ ಕಳೆಯುವ ಲೆಕ್ಕ ನನಗೆ ಬಹಳ ಇಷ್ಟವಾಯಿತು. ಕಿಡ್ನಿ ಸರಿಯಿದೆಯೇ, ಅಲರ್ಜಿ ಇದೆಯೇ ಎಂದು ಪರೀಕ್ಷಿಸಿ ದಿನ ಕೊಟ್ಟರು.

ಚಾಮರಾಜಪೇಟೆಯ ಒಂದು ಸ್ಕ್ಯಾನಿಂಗ್ ಸೆಂಟರು. ಬೆಳಗಿನ ಹೊತ್ತು, ಹೊರಗೆ ಒಳ್ಳೆಯ ಬಿಸಿಲು. ಚಿಕ್ಕಮ್ಮ ಹೊರಗಿನ ಕುರ್ಚಿಯಲ್ಲಿ ಕೂತಳು. ಒಳಗೆ ಟೆಕ್ನೀಶಿಯನ್ ಹೆಂಗಸು ನನ್ನ ಕೈಗೆ ಸೂಜಿ ಚುಚ್ಚಿ, "ಮೈಯೆಲ್ಲ ಬಿಸಿ ಆಗತ್ತೆ ಮೇಡಂ, ಬಾಯಲ್ಲಿ ಒಂಥರಾ ಕಬ್ಬಿಣದ ರುಚಿ ಬರತ್ತೆ. ಹೆದರ್ಕೋಬೇಡಿ" ಎಂದು ಹೇಳಿ ಯಂತ್ರದ ಪರದೆಯ ಕಡೆ ಹೋದಳು.

ಹೇಳಿದ ಹಾಗೆಯೇ ಆಯಿತು. ಬಿಸಿ ಗಂಟಲಿನಿಂದ ಹೊಟ್ಟೆಗೆ, ತೊಡೆಗೆ ಇಳಿಯಿತು. ನಾನು ಕಣ್ಣು ಬಿಟ್ಟುಕೊಂಡೇ ಕೂತಿದ್ದೆ, ಎದುರಿನ ಗೋಡೆಯನ್ನು ನೋಡುತ್ತಿದ್ದೆ. ಆಗ ನನ್ನ ತಲೆಯ ಮೇಲ್ಗಡೆಯಿಂದ, ತೀರ ಹತ್ತಿರದಿಂದ, ಒಬ್ಬ ಹೆಂಗಸಿನ ದನಿ ಕೇಳಿಸಿತು. ಎಳೆಯ ವಯಸ್ಸಿನ ದನಿ. ಸುಸ್ತಾಗಿತ್ತು, ಆದರೂ ಅದರಲ್ಲಿ ನಗುವಿತ್ತು.

"ಈ ಕಡೆ ಬೇಡ ಚಿನ್ನಾ, ಆ ಕಡೆ ಬಾ. ಈ ಕಡೆ ಗುಬ್ಬಿ ಮಲಗಿದೆ."

"ಏನಂದ್ರಿ?" ಎಂದೆ.

ಟೆಕ್ನೀಶಿಯನ್ ತಿರುಗಿ ನೋಡಿದಳು. "ನಾನೇನೂ ಅನ್ಲಿಲ್ವಲ್ಲ ಮೇಡಂ. ತಲೆ ಸುತ್ತುತ್ತಾ ಇದೆಯಾ?"

ಇಲ್ಲ ಎಂದೆ. ತಲೆ ಸುತ್ತುತ್ತಿರಲಿಲ್ಲ. ನನ್ನನ್ನು ಯಂತ್ರದ ಮುಂದೆ ನಿಲ್ಲಿಸಿ, ಸ್ತನವನ್ನು ಎರಡು ಹಲಗೆಗಳ ನಡುವೆ ಒತ್ತಿ, ಚಿತ್ರ ತೆಗೆದರು. ಹೊರಗೆ ಬಂದಾಗ ಏನೋ ತಮಾಷೆ ಆಯಿತೆಂಬ ಭಾವ ಬಿಟ್ಟರೆ ಬೇರೇನೂ ಇರಲಿಲ್ಲ. ಔಷಧದ ಪ್ರಭಾವ ಎಂದುಕೊಂಡಿದ್ದೆ.

ಆಟೋದಲ್ಲಿ ಬರುವಾಗ ಚಿಕ್ಕಮ್ಮನಿಗೆ ನಗುತ್ತಲೇ ಹೇಳಿದೆ. ಮಾತನ್ನು ಕೇಳಿದ ಹಾಗೆಯೇ ಒಪ್ಪಿಸಿದೆ. ಅವಳು ನಗಲಿಲ್ಲ. ಆಟೋದ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವಳ ಮುಖ ನೋಡಿ ನಾನು ಆಟೋ ನಿಲ್ಲಿಸಲು ಹೇಳಿದೆ. ಬೇಡ, ಮನೆಗೆ ನಡಿ ಎಂದು ಸನ್ನೆ ಮಾಡಿದಳು.

ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ನಡುಮನೆಯಲ್ಲಿ ಕೂತುಬಿಟ್ಟಳು. "ಅಕ್ಕ ಹಾಗೇ ಅಂತಿದ್ಲು," ಎಂದಳು. "ನಿನಗೆ ಹಾಲು ಕುಡಿಸೋವಾಗ. ನೀನು ಎಡಗಡೆಗೇ ಬಾಯಿ ಹಾಕ್ತಿದ್ದೆ. ಅಲ್ಲಿ ಗಡ್ಡೆ ಇತ್ತು. ಮುಟ್ಟಿದ್ರೆ ಪ್ರಾಣ ಹೋಗ್ತಿತ್ತು ಅವಳಿಗೆ. ನಿನ್ನ ತಳ್ಳೋಕೂ ಮನಸ್ಸಿಲ್ಲ, ಅದಕ್ಕೆ ಗುಬ್ಬಿ ಮಲಗಿದೆ ಅಂತಿದ್ಲು."

"ಟೈಫಾಯಿಡ್ ಅಂದಿದ್ರಲ್ಲ?"

"ನೀನು ಹೆಣ್ಮಗು. ತಾಯಿಗೆ ಆ ಕಾಯಿಲೆ ಇತ್ತು ಅಂದ್ರೆ ನಿನ್ನ ಯಾರು ಮದುವೆ ಮಾಡ್ಕೋತಿದ್ರು? ನಿಮ್ಮಪ್ಪ ನನ್ನ ಕೈಲಿ ಆಣೆ ಹಾಕಿಸ್ಕೊಂಡ್ರು."

"ಅಪ್ಪ ಹೋಗಿ ಎಷ್ಟು ವರ್ಷ ಆಯ್ತು! ಮದುವೆನೂ ಆಯ್ತು. ಡಾಕ್ಟ್ರು ಎದುರಿಗೇ ಕೇಳ್ತಿದ್ರಲ್ಲ ಚಿಕ್ಕಮ್ಮಾ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಗ ನನಗೆ ಇನ್ನೊಂದು ಹೊಳೆಯಿತು. ಅವಳು ಅಮ್ಮನ ಒಡಹುಟ್ಟಿದವಳು.

"ನೀನು ತೋರಿಸ್ಕೊಂಡಿದ್ಯಾ?"

ಬಗ್ಗಿ ಕಾಲಿನ ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟಳು. ಆಮೇಲೆ, "ವರ್ಷಾ ವರ್ಷಾ ಹೋಗ್ತೀನಿ," ಎಂದಳು. ಕಣ್ಣು ತೋರಿಸಿಕೊಂಡು ಬರುತ್ತೇನೆ ಎಂದು ಒಬ್ಬಳೇ ಹೊರಡುತ್ತಿದ್ದದ್ದು ಅದಕ್ಕೇ. ಅಲ್ಲಿ, ತನ್ನ ಡಾಕ್ಟರಿಗೆ, ಅಕ್ಕನ ಕಾಯಿಲೆಯನ್ನು ಅವಳು ಹೇಳಿದ್ದಳು.

ನಾನು ಜೀವನದಲ್ಲಿ ಅಷ್ಟು ಒಂಟಿಯಾದದ್ದು ಇನ್ನೊಮ್ಮೆ ಇಲ್ಲ. ಕಿರುಚಲಿಲ್ಲ, ಅಳಲಿಲ್ಲ. ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡೆ. ನನ್ನ ಗಂಡ ಸಂಜೆ ಬಂದು ತಟ್ಟುವವರೆಗೂ ತೆಗೆಯಲಿಲ್ಲ.

ಮರುದಿನ ಡಾಕ್ಟರು ಚಿತ್ರ ತೋರಿಸಿದರು. ದಟ್ಟ ಅಂಗಾಂಶವೆಲ್ಲ ಕಳೆದುಹೋಗಿ ಬೂದು ಬಣ್ಣ ಉಳಿದಿತ್ತು. ಎಡಗಡೆ, ಅವರೆಕಾಳಿನಷ್ಟು ಜಾಗ ಮಾತ್ರ ಹೊಳೆಯುತ್ತಿತ್ತು. ಅಮ್ಮನ ವಿಷಯ ಹೇಳಿದೆ. ಆಕೆ ಪೆನ್ನು ಕೆಳಗಿಟ್ಟು, "ಇದು ಮೊದಲೇ ಗೊತ್ತಿದ್ದಿದ್ರೆ ನಿಮ್ಮನ್ನ ಬೇರೆ ಥರಾನೇ ನೋಡ್ತಿದ್ವಿ ಮೇಡಂ" ಎಂದರು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಖಚಿತವಾಯಿತು. ಆಪರೇಷನ್, ರೇಡಿಯೇಷನ್ ಎಲ್ಲ ಆಯಿತು. ಈಗ ಆರೋಗ್ಯವಾಗಿದ್ದೇನೆ.

ಆ ದನಿಯ ಬಗ್ಗೆ ಬೇಕಾದಷ್ಟು ಯೋಚಿಸಿದ್ದೇನೆ. ಅಷ್ಟು ಎಳೆಯ ಮಗುವಿಗೆ ಮಾತು ನೆನಪಿರುವುದಿಲ್ಲ ಎಂದು ಡಾಕ್ಟರು ಹೇಳುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೇನೆ. ಹಾಗಿದ್ದರೆ ಚಿಕ್ಕಮ್ಮನೇ ಎಂದೋ ನನ್ನೆದುರು ಆ ಮಾತನ್ನು ಆಡಿರಬೇಕು, ಅದು ಎಲ್ಲೋ ಉಳಿದಿರಬೇಕು. ಕೇಳಿದೆ. "ದೇವರಾಣೆ ಇಲ್ಲ, ಆ ಮಾತು ನಾನು ಬಾಯಲ್ಲಿ ಆಡಿಲ್ಲ," ಎಂದಳು. ಅವಳ ಕಣ್ಣು ತುಂಬಿತ್ತು. ಆದರೆ "ನಮ್ಮನೇಲಿ ಯಾರಿಗೂ ಇಲ್ಲ ಡಾಕ್ಟ್ರೇ" ಎಂದಾಗಲೂ ಅವಳ ದನಿ ಇಷ್ಟೇ ಸ್ಪಷ್ಟವಾಗಿರುತ್ತಿತ್ತು. ಈ ವಿಷಯಕ್ಕೆ ಜಗತ್ತಿನಲ್ಲಿ ಇರುವ ಒಬ್ಬಳೇ ಸಾಕ್ಷಿ ಅವಳು, ಅವಳನ್ನು ನಂಬುವ ಶಕ್ತಿಯೇ ನನ್ನಲ್ಲಿ ಉಳಿದಿಲ್ಲ.

ಈಗಲೂ ಒಂದೇ ಮನೆಯಲ್ಲಿದ್ದೇವೆ. ಕಾಫಿ ಅವಳೇ ಮಾಡುತ್ತಾಳೆ, ನಾನು ಕುಡಿಯುತ್ತೇನೆ.

ಒಂದು ಪಕ್ಷ ಅದು ಅಮ್ಮನ ದನಿಯೇ ಆಗಿದ್ದರೆ, ನನಗೆ ಅವಳ ಮೇಲೂ ಕೋಪವಿದೆ. ಯಂತ್ರ ಹೇಗೂ ಆ ಗಂಟನ್ನು ಕಂಡುಹಿಡಿಯುತ್ತಿತ್ತು. ಅಷ್ಟು ಹತ್ತಿರ ಬಂದು ಮಾತಾಡಲು ಸಾಧ್ಯವಿದ್ದವಳು ಇಷ್ಟು ವರ್ಷ ಯಾಕೆ ಸುಮ್ಮನಿದ್ದಳು?