ಘಟದ ಬುಟ್ಟಿಯಲ್ಲಿ ಟೆಂಟಿನ ಸಸಿ

ಹುಲಿಗೆಮ್ಮ, ಆ ವರ್ಷದ ನವರಾತ್ರಿಯಲ್ಲಿ ನಮ್ಮ ಮನೆಯ ಘಟದ ಬುಟ್ಟಿಯಲ್ಲಿ ನೀನು ನೋಡಿದ ಸಸಿ ಘಟದ್ದಲ್ಲ. ನನ್ನ ಟೆಂಟಿನಲ್ಲಿ ದೀಪದ ಕೆಳಗೆ ಬೆಳೆದದ್ದನ್ನು ನಾನೇ ತಂದು ಅಲ್ಲಿ ಇಟ್ಟಿದ್ದೆ. ನಿನ್ನ ಅವ್ವ, ನನ್ನ ಅತ್ತೆ, ಆ ಸಸಿಯನ್ನು ನಂಬಿ ಆಪರೇಷನ್ ಬೇಡವೆಂದರು. ಮುಂದಿನ ನವರಾತ್ರಿಗೆ ಅವರಿರಲಿಲ್ಲ. ಐದು ವರ್ಷದಿಂದ ಇದನ್ನು ಯಾರಿಗೂ ಹೇಳಿಲ್ಲ — ನಿನ್ನ ಅಣ್ಣನಿಗೂ.

ಎಲ್ಲಿಂದ ಶುರು ಮಾಡಲಿ? ಟೆಂಟಿನಿಂದಲೇ ಮಾಡುತ್ತೇನೆ, ನನ್ನ ಸೊಕ್ಕು ಹುಟ್ಟಿದ್ದು ಅಲ್ಲಿ.

ರಾಯಚೂರಿನ ಬಿಸಿಲು ನಿನಗೆ ಹೇಳಬೇಕಾಗಿಲ್ಲ. ಮಾಳಿಗೆಯ ಮೇಲೆ ನಾನು ಇಟ್ಟ ಟೊಮ್ಯಾಟೊ, ಮೆಣಸಿನಕಾಯಿ ಸಸಿ ಎರಡೇ ದಿನಕ್ಕೆ ಸುಟ್ಟು ಹೋಗುತ್ತಿದ್ದವು. ಕುಂಡದಲ್ಲಿ ಗಿಡ ಬೆಳೆಸುವವರಿಗೆ ಸಸಿ ಮಾರಬೇಕೆಂಬ ಆಸೆ ನನಗೆ. ಅದಕ್ಕೇ ಆ ಟೆಂಟು ತರಿಸಿದೆ. ಹೊರಗೆ ಕರಿ ಬಟ್ಟೆ, ಒಳಗೆ ಬೆಳ್ಳಿಯಂತೆ ಹೊಳೆಯುವ ಹಾಳೆ, ಮುಂದೆ ಉದ್ದ ಜಿಪ್ಪು. ಹಿಂದಿನ ಕೋಣೆಯಲ್ಲಿ ಅದನ್ನು ನಿಲ್ಲಿಸಿದ್ದು ನಾನು ಮತ್ತು ಅತ್ತೆ ಇಬ್ಬರೇ. ಅವರು ಕೊಳವೆ ಹಿಡಿದು ನಿಂತರು, ನಾನು ಒಂದಕ್ಕೊಂದು ಸಿಕ್ಕಿಸಿದೆ. ಹಂದರದಂತೆ ನಿಂತ ಮೇಲೆ ಬಟ್ಟೆ ಎಳೆದು ಹೊದಿಸಿದೆವು. ಒಳಗೆ ಮೂರು ಹಲಗೆಯ ಕಬ್ಬಿಣದ ರ್‍ಯಾಕು ಇಟ್ಟು, ಒಂದೊಂದು ಹಲಗೆಯ ಮೇಲೂ ಎಲ್‌ಇಡಿ ದೀಪವನ್ನು ಸರಪಳಿಯಲ್ಲಿ ತೂಗುಬಿಟ್ಟೆ. ಬೆಳಗ್ಗೆ ತಾನೇ ಹತ್ತಿ ಸಂಜೆ ತಾನೇ ಆರುವಂತೆ ಟೈಮರ್ ಹಾಕಿದೆ.

ಮೊದಲ ಸಲದ ಸಸಿ ದಾರದಂತೆ ಉದ್ದ ಬೆಳೆದು ಬಾಗಿ ಬಿದ್ದವು. ನಾನು ಗೊಬ್ಬರ ಹಾಕಬೇಕೇನೋ ಎಂದು ತಲೆ ಕೆಡಿಸಿಕೊಂಡಿದ್ದೆ. ದೇವದುರ್ಗದ ಜಾಲಹಳ್ಳಿ ಕಡೆ ಕಂಡವರ ಹೊಲದಲ್ಲಿ ಕಳೆ ಕಿತ್ತು ವಯಸ್ಸು ಕಳೆದ ಅತ್ತೆ ಒಂದೇ ಸಲ ಬಗ್ಗಿ ನೋಡಿದರು.

"ಬೆಳಕಿಗಿ ಎಟಕಸಾಕತ್ತಾವ ಯವ್ವಾ. ದೀಪ ಕೆಳಗ ಇಳಸು."

ಒಂದು ಮೊಳ ಎತ್ತರದಲ್ಲಿದ್ದ ದೀಪವನ್ನು ಗೇಣಿಗೆ ಇಳಿಸಿದೆ, ಸಸಿ ಗಟ್ಟಿಯಾಗಿ ನಿಂತವು. ಇವಕ್ಕೆ ಗಾಳಿ ಬೇಡವೇ ಎಂದು ಕೇಳಿದವರೂ ಅವರೇ. ಸಣ್ಣ ಫ್ಯಾನ್ ಆಮೇಲೆ ಬಂತು. ಫ್ಯಾನ್ ಬಂದ ಮೇಲೂ ದಿನಾ ಬೆಳಗ್ಗೆ ಸಸಿಗಳ ತಲೆ ಮೇಲೆ ಗಾಳಿಯಂತೆ ಅಂಗೈ ಆಡಿಸುವುದನ್ನು ಅವರು ಬಿಡಲಿಲ್ಲ. ಅಷ್ಟು ಮಾಡಿಯೂ ಓಣಿಯವರೆದುರು ಹೆಸರು ಮಾತ್ರ ನನಗೆ ಕೊಟ್ಟರು. ನನ್ನ ಸೊಸೆ ಸೂರ್ಯನನ್ನೇ ತಂದು ಮನೆಯೊಳಗೆ ಕಟ್ಟಿದ್ದಾಳೆ, ಕೈಗುಣ ಅಂದರೆ ಆಕೆಯದು ಎನ್ನುತ್ತಿದ್ದರು. ನಾನು ಉಬ್ಬಿ ಹೋಗುತ್ತಿದ್ದೆ.

ಆ ವರ್ಷದ ಶ್ರಾವಣದಲ್ಲಿ ಅವರ ಎದೆಯ ಗಂಟು ಗೊತ್ತಾಯಿತು. ಡಾಕ್ಟರು ತಡ ಮಾಡಬೇಡಿ, ತೆಗೆದರೆ ಬದುಕುತ್ತಾರೆ ಎಂದರು. ಅಲ್ಲಿ ನೀನೂ ಇದ್ದೆ. ದಸರೆ ಮುಗಿದ ಮೂರನೆಯ ದಿನಕ್ಕೆ ಆಪರೇಷನ್ ಎಂದು ನಿಗದಿಯಾಯಿತು. ಅತ್ತೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಘಟ ಕೂಡಲಿ, ಸಸಿ ನೋಡಿ ಹೇಳುತ್ತೇನೆ ಎಂದರು. ಘಟದ ಸಸಿ ಹೇಗೋ ಆ ವರ್ಷದ ಮನೆ ಹಾಗೆ — ಅವರು ನಂಬಿದ್ದು ಅಷ್ಟು. ನೀರಮಾನ್ವಿ ಯಲ್ಲಮ್ಮ ಬಾಯಿಬಿಟ್ಟು ಮಾತಾಡುವುದಿಲ್ಲ, ಸಸಿಯಲ್ಲಿ ಹೇಳುತ್ತಾಳೆ ಎನ್ನುತ್ತಿದ್ದರು.

ಆ ವರ್ಷ ಬುಟ್ಟಿಗೆ ಮಣ್ಣು ತುಂಬಿ, ನಡುವೆ ಗಡಿಗೆ ಇಟ್ಟು, ಸುತ್ತ ಜೋಳ, ಗೋಧಿ, ಹೆಸರು ಬಿತ್ತಿದ್ದು ನಾನು. ಅವರೇ ಬಿತ್ತಿಸಿದರು, ಕೈಗುಣದವಳಲ್ಲವೇ! ಬಾಡಿಗೆ ಮನೆಯ ಟೈಲ್ಸ್ ಕೊಳೆಯಾಗುತ್ತದೆಂದು ಬುಟ್ಟಿಯ ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿದವಳೂ ನಾನೇ. ಟೆಂಟಿನ ಟ್ರೇಗಳಿಗೆ ಮೊಳೆ ಕಾಸಿ ಒಂದೊಂದಾಗಿ ತೂತು ಮಾಡಿದವಳಿಗೆ, ದೇವಿಯ ಬುಟ್ಟಿಗೆ ಒಂದು ತೂತು ಬೇಕೆಂದು ಹೊಳೆಯಲಿಲ್ಲ. ಅತ್ತೆ ಭಕ್ತಿಯಿಂದ ಎರಡು ಹೊತ್ತೂ ನೀರು ಹಾಕಿದರು, ನೀರು ಎಲ್ಲಿಗೆ ಹೋಗಬೇಕು? ಆರನೆಯ ದಿನ ವಾಸನೆ ಬಂತು. ಬೆರಳಿನಿಂದ ಕೆದರಿ ನೋಡಿದರೆ ಕಾಳು ಕೊಳೆತು ಲೋಳೆಯಾಗಿದ್ದವು.

ಬಿತ್ತಿ ಉಳಿದ ಕಾಳನ್ನು ಚೆಲ್ಲಬಾರದೆಂದು ಬಿತ್ತಿದ ದಿನವೇ ಟೆಂಟಿನ ಒಂದು ಟ್ರೇಗೆ ಉದುರಿಸಿದ್ದೆ. ಅವು ಬೆರಳುದ್ದ ಬಂದಿದ್ದವು. ಮಧ್ಯಾಹ್ನ ಅತ್ತೆ ಊಟ ಮಾಡಿ ಅಡ್ಡಾಗಿದ್ದಾಗ ಕೊಳೆತ ಮಣ್ಣು ತೆಗೆದೆ. ಟ್ರೇಯ ಸಸಿಯನ್ನು ಬೇರಿನ ಸಮೇತ ಚಾಪೆಯಂತೆ ಎತ್ತಿ, ನಾಲ್ಕು ತುಂಡು ಮಾಡಿ, ಗಡಿಗೆಯ ಸುತ್ತ ಜೋಡಿಸಿದೆ. ಹಾಳೆಗೆ ಆಗ ತೂತು ಮಾಡಿದೆ.

ಯಾಕೆ ಮಾಡಿದೆ? ಸಸಿ ಚೆನ್ನಾಗಿ ಬಂದರೆ ಅತ್ತೆ ಧೈರ್ಯದಿಂದ ಆಸ್ಪತ್ರೆಗೆ ಹೋಗುತ್ತಾರೆ, ಕೊಳೆತದ್ದು ಕಂಡರೆ ಎದೆ ಒಡೆದುಕೊಳ್ಳುತ್ತಾರೆ — ಹೀಗೆಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ಸುಳ್ಳಲ್ಲ. ಆದರೆ ವಾಸನೆ ಬಂದ ಗಳಿಗೆಯಲ್ಲಿ ನನಗೆ ಮೊದಲು ನೆನಪಾದದ್ದು ಅತ್ತೆಯಲ್ಲ, ಹುಲಿಗೆಮ್ಮ. ಅರಿಶಿನ ಕುಂಕುಮಕ್ಕೆ ಬರುವ ಓಣಿಯ ಹೆಂಗಸರು ನೆನಪಾದರು. ಬಿತ್ತಿದವಳು ಯಾರು ಎಂದು ಅವರು ಕೇಳುವುದು ನೆನಪಾಯಿತು.

ಒಂದು ಮಾತು. ದೇವರ ಕೋಣೆಯ ಕತ್ತಲಲ್ಲಿ ಬೆಳೆದ ಸಸಿ ಹಳದಿ ಇರುತ್ತದೆ. ನನ್ನವು ದೀಪದ ಕೆಳಗೆ ಬೆಳೆದವು, ಕಡು ಹಸಿರು. ಸಿಕ್ಕಿಬಿದ್ದೆ ಎಂದುಕೊಂಡೆ. ಬೆಳಗ್ಗೆ ನೀರು ಹಾಕುವಾಗ ಬರೀ ಮಣ್ಣು ಕಂಡಿದ್ದ ಅತ್ತೆ ಎದ್ದು ಬಂದು, ಬಗ್ಗಿ ನೋಡಿ, ಕಣ್ಣೊರೆಸಿಕೊಂಡರು. ಇಷ್ಟು ವರ್ಷದಲ್ಲಿ ಇಂಥ ಹಸಿರು ನೋಡಿಲ್ಲ, ಒಂದೇ ಮಧ್ಯಾಹ್ನದಲ್ಲಿ ಹೊಲವನ್ನೇ ತಂದುಕೊಟ್ಟಿದ್ದಾಳೆ ತಾಯಿ ಎಂದರು. ಓಣಿಯವರೆಲ್ಲ ಬಂದು ನೋಡಿದರು. ನನ್ನ ಕೈ ಹಿಡಿದು ಹೊಗಳಿದರು. ನಾನು ನಕ್ಕೆ.

ದಸರೆಯ ದಿನ ನೀನು ಮಾನ್ವಿಯಿಂದ ಬಂದೆ. ಅತ್ತೆ ಸಸಿ ಕೊಯ್ದು ನಿನ್ನ ತುರುಬಿಗೆ ಮುಡಿಸಿದರು. ಆಮೇಲೆ ಆಸ್ಪತ್ರೆಗೆ ಬರುವುದಿಲ್ಲ ಎಂದರು. ತಾಯಿ ಹಸಿರಾಗಿ ಹೇಳಿದ್ದಾಳೆ, ಇನ್ನು ಮೈಗೆ ಕತ್ತಿ ಹಚ್ಚಿಸಿಕೊಂಡರೆ ಆಕೆಯ ಮಾತಿಗೆ ಬೆಲೆ ಎಲ್ಲಿ ಉಳಿಯಿತು ಎಂದರು. ನಾನು ಎಣಿಸಿದ್ದಕ್ಕೆ ಪೂರಾ ತಿರುಗಾಮುರುಗಾ. ನೀನು ಕಣ್ಣೀರಿಟ್ಟೆ, ಅವರ ಕಾಲು ಹಿಡಿದೆ, ಜಗಳ ಮಾಡಿದೆ. ಕೊನೆಗೆ ನನ್ನ ಕಡೆ ತಿರುಗಿದೆ.

"ನೀನರ ಹೇಳ ವೈನಿ. ದಿನಾ ಸಸಿ ಬೆಳಸಾಕಿ ನೀನು. ಸಸಿ ನೋಡಿ ಗಂಟು ಕರಗತದೇನು?"

ಅತ್ತೆಯೂ ನನ್ನನ್ನೇ ನೋಡುತ್ತಿದ್ದರು. ಹಿಂದಿನ ಕೋಣೆಗೆ ಕರೆದೊಯ್ದು ಆ ಖಾಲಿ ಟ್ರೇ ತೋರಿಸಿದ್ದರೆ ಸಾಕಿತ್ತು. ಒಂದೇ ಮಾತಿನ ಕೆಲಸ. ನಾನು ಆಡಿದ್ದು ಬೇರೆ.

"ನಾ ಏನ್ ಹೇಳ್ಲಿ, ಹುಲಿಗೆಮ್ಮ. ಅದು ಅತ್ತಿ ನಂಬಿಕಿ."

ಅಷ್ಟು ಅಂದೆ. ನೀನು ಊಟ ಮಾಡದೆ ಮಾನ್ವಿ ಬಸ್ಸು ಹತ್ತಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನಾನು ಆಡದ ಮಾತಿನಿಂದ ಒಂದು ಜೀವ ಹೋಯಿತು. ಅವತ್ತು ಆಡಲಿಲ್ಲ ಸರಿ — ಮರುದಿನ ಆಡಬಹುದಿತ್ತು. ದೀಪಾವಳಿಗೆ, ಎಳ್ಳ ಅಮಾವಾಸ್ಯೆಗೆ, ಗಂಟು ನಿಂಬೆಹಣ್ಣಿನಷ್ಟು ಇದ್ದಾಗ ಆಡಬಹುದಿತ್ತು. ದಿನ ಕಳೆದಷ್ಟೂ ಹೇಳುವುದು ಕಷ್ಟವಾಯಿತು. ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂಬ ಇನ್ನೊಂದು ಪ್ರಶ್ನೆ ಸೇರಿಕೊಂಡಿತಲ್ಲ.

ಗಂಟು ಒಡೆದು ಹುಣ್ಣಾಯಿತು. ಆಗ ತಾವೇ ಆಸ್ಪತ್ರೆಗೆ ಬಂದರು, ಆದರೆ ಡಾಕ್ಟರು ಕೈ ಚೆಲ್ಲಿದರು. ಕೊನೆಯ ತಿಂಗಳಲ್ಲಿ ಅತ್ತೆ ಟೆಂಟಿನ ಮುಂದೆಯೇ ಮಂಚ ಹಾಕಿಸಿಕೊಂಡರು. ಜಿಪ್ಪು ತೆಗೆದಿಡು ಎನ್ನುತ್ತಿದ್ದರು. ಒಂದು ಬೆಳಗ್ಗೆ ನಾನು ಟ್ರೇಗೆ ನೀರು ಚಿಮುಕಿಸುತ್ತಿದ್ದೆ. ಅವರು ಕೈ ಚಾಚಿ ಸಸಿಗಳ ತಲೆ ಸವರಿದರು.

"ನಿನ್ನ ಕೈಗುಣ ಚೊಲೋ ಅದ ಯವ್ವಾ. ನಾನೇ ಎಲ್ಲೋ ತಪ್ಪು ಮಾಡೀನಿ. ಅದಕ್ಕ ತಾಯಿ ಮಾತು ತಪ್ಪಿದ್ಲು."

ಎಲ್ಲಿ ತಪ್ಪಿದೆ ಎಂದು ಆ ದಿನವೆಲ್ಲ ಹುಡುಕಿದರು. ಯಾವುದೋ ಹರಕೆ ತೀರಿಸಲಿಲ್ಲವೇನೋ, ಮುಟ್ಟಬಾರದ ದಿನ ಗಡಿಗೆ ಮುಟ್ಟಿದೆನೇನೋ, ದೇವದುರ್ಗದಲ್ಲಿದ್ದಾಗ ಯಾರ ಹೊಟ್ಟೆ ಉರಿಸಿದೆನೇನೋ — ನನ್ನನ್ನು ಕೂಡಿಸಿಕೊಂಡು ಒಂದೊಂದೇ ನೆನಪಿಸಿಕೊಂಡರು. ನಾನು ಹೂಂ ಹೂಂ ಎನ್ನುತ್ತ ಕೇಳಿದೆ. ಸಾಯುವವರು ತಮ್ಮದಲ್ಲದ ಪಾಪ ಹುಡುಕುತ್ತಿದ್ದರು, ಅದನ್ನು ಮಾಡಿದ ನಾನು ಪಕ್ಕದಲ್ಲಿ ಕೂತು ಕಾಲು ಒತ್ತುತ್ತಿದ್ದೆ. ಅಲ್ಲಿಂದ ಹನ್ನೊಂದನೆಯ ದಿನ ಹೋದರು.

ಹೋದ ವಾರ ನೀನು ಫೋನಿನಲ್ಲಿ, ಸುಳ್ಳು ಹೇಳುವ ದೇವರಿಗೆ ನಾನು ಘಟ ಹಾಕುವುದಿಲ್ಲ, ಅವ್ವನ ಜೊತೆ ಜಗಳವಾಡಿದ ಆ ದಿನ ನೆನಪಾಗುತ್ತದೆ ಎಂದೆ. ಐದು ವರ್ಷದಿಂದ ನಿನ್ನ ಮನೆಯಲ್ಲಿ ಆ ಬುಟ್ಟಿ ಖಾಲಿ ಇದೆ ಎಂಬುದು ನನಗೆ ಅವತ್ತೇ ಗೊತ್ತಾದದ್ದು. ಆಮೇಲೆ ಅನ್ನ ಸೇರಲಿಲ್ಲ. ನಾನು ದೇವಿಯನ್ನು ಅಷ್ಟಾಗಿ ನಂಬಿದವಳಲ್ಲ. ಆದರೂ ಆ ವರ್ಷ ಆಕೆಯ ಬುಟ್ಟಿಯಲ್ಲಿ ಕಾಳು ಕೊಳೆತೇ ಇದ್ದವು. ಅದನ್ನು ಮುಚ್ಚಿಟ್ಟವಳು ನಾನು.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ನಿನ್ನ ಅಣ್ಣನಿಗೆ ಓದುತ್ತೇನೆ, ಭಾನುವಾರ ಮಾನ್ವಿಗೆ ಬಂದು ನಿನ್ನೆದುರು ಓದುತ್ತೇನೆ. ಒಳಗೆ ಕರೆಯದಿದ್ದರೆ ಬಾಗಿಲಲ್ಲೇ ನಿಂತು ಓದುತ್ತೇನೆ. ಕ್ಷಮಿಸು ಎಂದು ಕೇಳಲು ಬರುತ್ತಿಲ್ಲ. ನೀನು ಅವತ್ತು ಆಡಿದ ಜಗಳ ಸರಿಯಾಗಿತ್ತು, ಅದನ್ನು ಹೇಳಬೇಕು. ಇನ್ನೊಂದು ಹೇಳಬೇಕು, ಅದನ್ನು ಕೇಳಬೇಕಾದವರಿಗೆ ನಾನು ಹೇಳಲಿಲ್ಲ, ಈಗ ನಿನಗಾದರೂ ಹೇಳುತ್ತೇನೆ — ನಿನ್ನ ಅವ್ವ ಯಾವ ತಪ್ಪನ್ನೂ ಮಾಡಿರಲಿಲ್ಲ.