ಮಟಮಟ ಮಧ್ಯಾಹ್ನದ ಮಿಸ್ತ್ರಿ

ಸವಣೂರಿನಲ್ಲಿ ಮಧ್ಯಾಹ್ನ ಒಂದು ಗಂಟೆ. ಬೀದಿನಾಯಿಗಳೂ ನೆರಳು ಹಿಡಿದು ಮಲಗಿರುವ ಹೊತ್ತು. ಬಂಕಾಪುರ ರಸ್ತೆಯ ಬದಿಯ ತಗಡಿನ ಶೆಡ್ಡಿನ ಮುಂದೆ ನೀಲಿ ಕಾರೊಂದು ಎಂಜಿನ್ ಚಾಲೂ ಇಟ್ಟುಕೊಂಡೇ ಉರಿಬಿಸಿಲಿನಲ್ಲಿ ನಿಂತಿದೆ. ಹತ್ತು ಹೆಜ್ಜೆ ಆಚೆ ಬೇವಿನ ಮರದ ದಟ್ಟ ನೆರಳಿದೆ. ‘ಮಿಸ್ತ್ರಿ, ಗಾಡಿ ನೆಳ್ಳಿಗೆ ಹಚ್ಚಬಾರದೇನ್ರಿ?’ ಎಂದು ಕೇಳದೆ ದಾರಿಹೋಕರು ಮುಂದೆ ಹೋಗುವುದಿಲ್ಲ. ಜಾಹೀದ ಮಿಸ್ತ್ರಿ ಕೈಗಡಿಯಾರ ನೋಡಿಕೊಳ್ಳುತ್ತಾರೆ. ‘ಇನ್ನೂ ಎಂಟು ನಿಮಿಷ ಕಾಯಲಿ ಬಿಡ್ರಿ. ರೇಸಿನ ಸಾಲಿನ್ಯಾಗ ನಿಂತಾಗ ಇದಕ್ಕ ಯಾರೂ ಛತ್ರಿ ಹಿಡಿಯಂಗಿಲ್ಲ.’

ದುಡಿಯುವವರ ಬಗ್ಗೆ ಬರೆಯಹೊರಟವರು ಕೋಳಿ ಕೂಗುವ ಮೊದಲೇ ಅವರ ಬಾಗಿಲಿಗೆ ಹೋಗಿ ನಿಲ್ಲುವುದು ವಾಡಿಕೆ. ಜಾಹೀದ ಅವರ ಹತ್ತಿರ ಆ ಆಟ ನಡೆಯುವುದಿಲ್ಲ. ‘ನಸುಕಿನ್ಯಾಗ ಬರಬ್ಯಾಡ್ರಿ. ಬಂದ್ರ ಚಾ ಕುಡದು ಹೋಗಬೇಕಾಗ್ತೈತಿ ಅಷ್ಟ. ಮಟಮಟ ಮಧ್ಯಾಹ್ನ ಬರ್ರಿ’ ಎಂದು ಫೋನಿನಲ್ಲೇ ತಾಕೀತು ಮಾಡುತ್ತಾರೆ. ಅದಕ್ಕೆ ಕಾರಣವಿದೆ. ಹೋದ ವರ್ಷ ಆ ಕಾರಣ ಅವರ ಕಸುಬನ್ನೇ ನುಂಗಿಹಾಕುವುದರಲ್ಲಿತ್ತು.

ನಾನೂರು ಮೀಟರ್ ನೇರ ದಾರಿ, ಅಕ್ಕಪಕ್ಕ ಎರಡು ಕಾರು, ತಿರುವಿಲ್ಲದ ಒಂದೇ ಓಟ. ಇದಕ್ಕೆ ಡ್ರ್ಯಾಗ್ ರೇಸ್ ಎಂದು ಹೆಸರು. ಹನ್ನೆರಡು ಸೆಕೆಂಡು ಆಚೀಚೆ ಮುಗಿದುಹೋಗುವ ಈ ಆಟಕ್ಕೆ ಟರ್ಬೊ ಇರುವ ಸ್ಪೋರ್ಟ್ಸ್ ಕಾರುಗಳನ್ನು ಹದ ಮಾಡುವುದು ಐವತ್ತೊಂದು ವರ್ಷದ ಜಾಹೀದ ಅವರ ಕೆಲಸ. ಟರ್ಬೊ ಎಂದರೆ ಎಂಜಿನ್ನಿನ ಹೊಗೆಯ ರಭಸಕ್ಕೇ ತಿರುಗಿ, ಎಂಜಿನ್ನಿನೊಳಕ್ಕೆ ಗಾಳಿ ತುರುಕುವ ಅಂಗೈ ಅಗಲದ ಪಂಖ. ಗಾಳಿ ಹೆಚ್ಚಿದಷ್ಟೂ ಶಕ್ತಿ ಹೆಚ್ಚು. ಆದರೆ ಆ ಗಾಳಿ ಮಿತಿಮೀರಿತೋ, ಕಾದು ಕೆಂಡವಾಯಿತೋ, ಪೆಟ್ರೋಲು ಹೊತ್ತಲ್ಲದ ಹೊತ್ತಿಗೆ ತಾನೇ ಹತ್ತಿಕೊಂಡು ಪಿಸ್ಟನ್ನಿನ ತಲೆಗೆ ಬಡಿಯುತ್ತದೆ. ಜಾಹೀದ ಇದನ್ನು ‘ಪೆಟ್ಟು’ ಎನ್ನುತ್ತಾರೆ. ಒಂದೆರಡು ಪೆಟ್ಟು ತಿಂದರೆ ಎಂಜಿನ್ ತಡೆದೀತು. ಒಂದೇ ಸಮ ಬಿದ್ದರೆ ಪಿಸ್ಟನ್ ಒಡೆಯುತ್ತದೆ. ಎಷ್ಟು ಗಾಳಿ, ಎಷ್ಟು ಪೆಟ್ರೋಲು, ಯಾವ ಗಳಿಗೆಗೆ ಕಿಡಿ ಎಂಬ ಲೆಕ್ಕವನ್ನು ಲ್ಯಾಪ್‌ಟಾಪಿನಿಂದ ಕಾರಿನ ಕಂಪ್ಯೂಟರಿಗೆ ಕಲಿಸಿಕೊಡಬೇಕು.

ಎಂಟನೇ ಇಯತ್ತೆಗೆ ಶಾಲೆ ಬಿಟ್ಟ ಜಾಹೀದ ಇಪ್ಪತ್ತೆರಡು ವರ್ಷ ಬಂಕಾಪುರದ ಹೆದ್ದಾರಿ ಬದಿಯಲ್ಲಿ ಲಾರಿಗಳ ಟರ್ಬೊ ಬಿಚ್ಚಿ ಕಟ್ಟಿದವರು. ದಿನಕ್ಕೆ ಮೂರು ಟರ್ಬೊ, ಹಬ್ಬದ ಮುಂದೆ ಐದು. ಮೊದಲ ಸ್ಪೋರ್ಟ್ಸ್ ಕಾರು ಹುಬ್ಬಳ್ಳಿಯಿಂದ ಬಂದಾಗ ಅವರಿಗೆ ವಯಸ್ಸು ನಲವತ್ತು. ಅಲ್ಲಿಂದ ಲ್ಯಾಪ್‌ಟಾಪ್ ಕಲಿತರು. ‘ಪಾನಾ ಕೈಯಾಗ ಬರೋಬ್ಬರಿ ಕುಂದರ್ತಿತ್ತು, ಆ ಮೌಸ್ ಅನ್ನೂದು ಕುಂದರಲಿಲ್ಲ ನೋಡ್ರಿ. ಇಲಿ ಹಿಡದಂಗ ಹಿಡೀತಿದ್ದೆ’ ಎಂದು ಜೋರಾಗಿ ನಗುತ್ತಾರೆ. ಶಿಗ್ಗಾಂವಿಯ ಲೇಥ್ ಅಂಗಡಿಯಲ್ಲಿ ಎರಡು ಉಕ್ಕಿನ ಉರುಳೆ ಕಡೆಸಿ, ಹಳೆಯ ಲಾರಿಯ ಆಕ್ಸಲ್ಲಿಗೆ ಜೋಡಿಸಿ, ಶೆಡ್ಡಿನ ನೆಲದಲ್ಲಿ ಕೂರಿಸಿದ್ದಾರೆ. ಕಾರಿನ ಚಕ್ರ ಅದರ ಮೇಲೆ ಗಿರಗಿರ ತಿರುಗುತ್ತದೆ, ಕಾರು ಮಾತ್ರ ಸರಪಳಿಯ ಬಿಗಿಯಲ್ಲಿ ನಿಂತಲ್ಲೇ ನಿಂತಿರುತ್ತದೆ. ಊರ ರಸ್ತೆಯ ಮೇಲೆ ವೇಗ ನೋಡಹೋಗುವುದು ಇವರಿಗೆ ಆಗದ ಮಾತು. ‘ರೋಡ್ ಮ್ಯಾಲೆ ಮಂದಿ ಇರ್ತಾರ್ರಿ’ ಎಂದಷ್ಟೇ ಹೇಳಿ ಮುಗಿಸುತ್ತಾರೆ.

ಇವರದೊಂದು ಪದ್ಧತಿಯಿದೆ. ಟರ್ಬೊ ಎಷ್ಟು ಗಾಳಿ ನೂಕಬೇಕು ಎಂಬುದನ್ನು ಗೊತ್ತುಮಾಡುವ ಒಂದು ತಿರುಪು ಇರುತ್ತದೆ. ಹದ ಮುಗಿದ ಮೇಲೆ ಆ ತಿರುಪಿನ ತಲೆಯಿಂದ ಕೆಳಗಿನ ನಟ್ಟಿನವರೆಗೆ ಉಗುರುಬಣ್ಣದಿಂದ ಒಂದು ಕೆಂಪು ಗೀಟು ಎಳೆಯುತ್ತಾರೆ. ಓಡಿಸುವವರು ಇನ್ನಷ್ಟು ಜೋರಿನ ಆಸೆಗೆ ಬಿದ್ದು ತಿರುಪು ತಿರುವಿದರೆ ಗೀಟು ಒಡೆಯುತ್ತದೆ. ಆಗ ಎಂಜಿನ್ ಹೋದರೆ ಹೊಣೆ ಅವರದು. ಗೀಟು ಸರಿಯಿದ್ದೂ ಹೋದರೆ ಹೊಣೆ ಮಿಸ್ತ್ರಿಯದು. ಬಣ್ಣದ ಬಾಟಲಿ ಹೆಂಡತಿ ಶಾಕೀರಾ ಅವರದು. ‘ನಮಾಜಿಗೆ ಕೈಕಾಲು ತೊಳಿಯುವಾಗ ಪ್ರತಿ ಸಲ ತೆಗೀಬೇಕಾಗ್ತೈತಿ ಅಂತ ನಾ ಹಚ್ಚಿಕೊಳ್ಳೂದ ಬಿಟ್ಟೆ. ಈಗ ಮಂದಿ ಕಾರೆಲ್ಲಾ ನನ್ನ ಬಣ್ಣಾ ಹಚ್ಚಿಕೊಂಡು ಅಡ್ಡಾಡ್ತಾವ’ ಎಂದು ಅವರು ಅಡುಗೆಮನೆಯಿಂದಲೇ ಮಾತು ಸೇರಿಸುತ್ತಾರೆ.

ಹೋದ ವರ್ಷದವರೆಗೂ ಜಾಹೀದ ಕಾರು ಹದ ಮಾಡುತ್ತಿದ್ದುದು ನಸುಕಿನಲ್ಲೇ. ಬೆಳಗಿನ ನಮಾಜು ಮುಗಿಸಿ ಬಂದರೆ ಓಣಿ ಗಪ್ಪಾಗಿರುತ್ತಿತ್ತು, ಪಕ್ಕದ ನಾಗಪ್ಪನವರ ಹಿಟ್ಟಿನ ಗಿರಣಿ ಇನ್ನೂ ಶುರುವಾಗಿರುತ್ತಿರಲಿಲ್ಲ. ಎಂಜಿನ್ನಿಗೆ ತಾಗಿಸಿದ ತಾಮ್ರದ ನಳಿಕೆಗೆ ಕಿವಿಯಿಟ್ಟರೆ ಒಳಗಿನ ಸಣ್ಣ ಪೆಟ್ಟೂ ಕೇಳಿಸುತ್ತಿತ್ತು. ಮೇಲಾಗಿ ಬೆಳಗಿನ ತಂಪು ಗಾಳಿಗೆ ಎಂಜಿನ್ ಹೆಚ್ಚಿನ ಶಕ್ತಿ ತೋರಿಸುತ್ತಿತ್ತು. ‘ನಂಬರ ನೋಡಿ ಗಿರಾಕಿ ಖುಷ್, ನಾನೂ ಖುಷ್. ಸುಳ್ಳ್ಯಾಕ ಹೇಳ್ಲಿ, ಭಾಳ ಉಬ್ಬಿದ್ದೆ.’

ಆ ಉಬ್ಬರ ಇಳಿಸಿದ್ದು ಇದೇ ನೀಲಿ ಕಾರು. ಓಡಿಸುವವರು ಅಕ್ಕಿಆಲೂರಿನ ಇಪ್ಪತ್ತಾರರ ಅಂಕಿತಾ, ಮನೆಯ ರೈಸ್ ಮಿಲ್ಲು ನೋಡಿಕೊಳ್ಳುವ ಗಟ್ಟಿ ಹೆಣ್ಣುಮಗಳು. ಏಪ್ರಿಲ್ ತಿಂಗಳ ರೇಸು, ಪಕ್ಕದ ಜಿಲ್ಲೆಯ ಹಳೆಯ ವಿಮಾನಪಟ್ಟಿಯಲ್ಲಿ. ಅವರ ಸರದಿ ಬಂದಾಗ ಮಧ್ಯಾಹ್ನ ಎರಡಾಗಿತ್ತು. ಇಪ್ಪತ್ತು ನಿಮಿಷ ಬಿಸಿಲಿನ ಸಾಲಿನಲ್ಲಿ ನಿಂತು ಎಂಜಿನ್ ಎಳೆದುಕೊಳ್ಳುವ ಗಾಳಿಯೆಲ್ಲ ಕಾದಿತ್ತು. ನಸುಕಿನ ತಂಪಿಗೆ ಹೊಂದಿಸಿದ ಲೆಕ್ಕ ಆ ಬಿಸಿಗೆ ತಾಳಲಿಲ್ಲ. ಮುನ್ನೂರು ಮೀಟರ್ ದಾಟುವಷ್ಟರಲ್ಲಿ ಹಿಂದಿನಿಂದ ನೀಲಿ ಹೊಗೆ ಎದ್ದಿತು, ಪಿಸ್ಟನ್ ಒಡೆದುಹೋಗಿತ್ತು. ಲ್ಯಾಪ್‌ಟಾಪ್ ತೆರೆದರೆ ಹದಿನೇಳು ಪೆಟ್ಟು!

ಸುತ್ತ ನೆರೆದವರು ಜಾಹೀದರಿಗೆ ಪಾರಾಗುವ ದಾರಿಯನ್ನೂ ತೋರಿಸಿದರು. ಹುಡುಗಿ ಅವಸರಪಟ್ಟು ತಿರುಪು ತಿರುವಿರಬೇಕು ಎಂದರು. ಹೌದೆಂದು ತಲೆಯಾಡಿಸಿದ್ದರೆ ಸಾಕಿತ್ತು. ಜಾಹೀದ ಬಾನೆಟ್ ಎತ್ತಿ ಎಲ್ಲರನ್ನೂ ಹತ್ತಿರ ಕರೆದರು. ಕೆಂಪು ಗೀಟು ಎಳೆದಿಟ್ಟಂತೆಯೇ ಇತ್ತು. ‘ಗೀಟು ನೋಡ್ರಿ, ಹಂಗ ಐತಿ. ಅಕ್ಕಾರ ತಪ್ಪಿಲ್ಲ, ತಪ್ಪು ನಂದು ಅಂದೆ’ ಎನ್ನುವಾಗ ಈಗಲೂ ಅವರ ದನಿ ಇಳಿಯುತ್ತದೆ. ಬೇರೆಯವರ ಕಳ್ಳತನ ಹಿಡಿಯಲೆಂದು ಎಳೆದ ಗೀಟು ಅವರನ್ನೇ ಹಿಡಿದುಕೊಟ್ಟಿತ್ತು.

ಸುದ್ದಿ ಹುಬ್ಬಳ್ಳಿ, ಬೆಳಗಾವಿ ಸುತ್ತಿ ಬಂತು. ಸವಣೂರ ಮಿಸ್ತ್ರಿ ಟ್ರ್ಯಾಕ್ಟರಿಗೆ ಅಡ್ಡಿಯಿಲ್ಲ ಎಂದು ಹುಡುಗರು ಫೋನಿನಲ್ಲಿ ಬರೆದುಕೊಂಡು ನಕ್ಕರು. ಎಂಟು ತಿಂಗಳು ಒಂದೇ ಒಂದು ಸ್ಪೋರ್ಟ್ಸ್ ಕಾರು ಶೆಡ್ಡಿನ ಕಡೆ ಮುಖ ಹಾಕಲಿಲ್ಲ. ಜಾಹೀದ ಉರುಳೆಗಳ ಮೇಲೆ ತಾಡಪತ್ರಿ ಹೊದಿಸಿ, ಮತ್ತೆ ಲಾರಿಯ ಟರ್ಬೊಗೆ ಕೈಹಚ್ಚಿದರು. ‘ಊಟಕ್ಕ ತ್ರಾಸಿರಲಿಲ್ಲ ಬಿಡ್ರಿ. ಆದ್ರ ಆ ತಾಡಪತ್ರಿ ಕಣ್ಣಿಗೆ ಬೀಳಬಾರದಂತ ಅತ್ತಾಗ ಬೆನ್ನ ಹಾಕಿ ಕುಂದರ್ತಿದ್ದೆ.’

ತಾಡಪತ್ರಿ ಎಳೆದು ಹಾಕಿದವರು ಅಂಕಿತಾ. ಡಿಸೆಂಬರಿನಲ್ಲಿ ಅದೇ ನೀಲಿ ಕಾರನ್ನು ಟೆಂಪೋದ ಮೇಲೆ ಹೇರಿಕೊಂಡು ಬಂದು ಶೆಡ್ಡಿನ ಮುಂದೆ ಇಳಿಸಿದರು. ‘ಕಾಕಾ, ಕೆಟ್ಟಿದ್ದು ನಿಮ್ಮ ಕೈಯಾಗರಿ, ನೆಟ್ಟಗಾಗೂದೂ ನಿಮ್ಮ ಕೈಯಾಗ ಆಗ್ಲಿ. ನಾಲ್ಕು ಮಂದ್ಯಾಗ ತಪ್ಪು ನಂದು ಅನ್ನೋ ಮಿಸ್ತ್ರಿನ್ನ ನಾ ಇನ್ನೆಲ್ಲಿ ಹುಡುಕ್ಲಿ?’ ಎಂದರು. ಈ ಮಾತು ಹೇಳುವಾಗ ಜಾಹೀದ ಅರಿವೆಯಿಂದ ಕೈ ಒರೆಸಿಕೊಳ್ಳುತ್ತಾರೆ. ಕೈಗೆ ಎಣ್ಣೆ ಇಲ್ಲವೇ ಇಲ್ಲ.

ಅಂದಿನಿಂದ ಹದವೆಲ್ಲ ಮಧ್ಯಾಹ್ನಕ್ಕೆ ಬದಲಾಗಿದೆ. ಕಾರು ಇಪ್ಪತ್ತು ನಿಮಿಷ ಬಿಸಿಲಿನಲ್ಲಿ ಕಾಯಬೇಕು, ಆಮೇಲೆ ಉರುಳೆ ಏರಿ ಹನ್ನೆರಡು ಸೆಕೆಂಡು ಜೀವ ಹೋಗುವಂತೆ ತಿರುಗಬೇಕು, ಮತ್ತೆ ಬಿಸಿಲಿಗೆ. ಈ ನೀಲಿ ಕಾರು ಹೀಗೆ ನಲವತ್ತೆಂಟು ಸಲ ಏರಿಳಿದಿದೆ. ತಗಡಿನ ಕೆಳಗೆ ನಲವತ್ತಮೂರು ಡಿಗ್ರಿ, ಮಿಸ್ತ್ರಿಯ ಅಂಗಿ ಹಿಂಡಿದರೆ ಬಕೆಟ್ಟು ತುಂಬೀತು. ಪಕ್ಕದ ಗಿರಣಿ ಈಗ ಒಂದರಿಂದ ಎರಡರವರೆಗೆ ಬಂದ್. ಹಿಂದೆಲ್ಲ ಮೂರಕ್ಕೆ ಉಣ್ಣುತ್ತಿದ್ದ ನಾಗಪ್ಪ, ‘ಮಿಸ್ತ್ರಿ ಸಲುವಾಗಿ ಅಲ್ರಿ, ನನಗ ಈಗೀಗ ಲಗೂನ ಹಸಿವಾಗಾಕತ್ತೈತಿ’ ಎಂದು ಮುಖ ಗಂಭೀರ ಮಾಡಿಕೊಂಡೇ ಹೇಳುತ್ತಾರೆ.

ಮತ್ತೆ ಏಪ್ರಿಲ್, ಮತ್ತೆ ಅದೇ ವಿಮಾನಪಟ್ಟಿ, ಭಾನುವಾರ. ಈ ಸಲವೂ ಎಂಜಿನ್ ಹೋದರೆ ಉರುಳೆಗಳನ್ನು ಗುಜರಿಗೆ ಹಾಕುವುದೆಂದು ಜಾಹೀದ ಮನೆಯಲ್ಲಿ ಶಾಕೀರಾ ಅವರಿಗೆ ಹೇಳಿಯೇ ಬಂದಿದ್ದಾರೆ. ಅಂಕಿತಾ ಅವರಿಗೆ ಬೇಕಿರುವುದು ಹನ್ನೆರಡು ಸೆಕೆಂಡಿನೊಳಗಿನ ಓಟ. ಇದುವರೆಗಿನ ಅವರ ಅತ್ಯುತ್ತಮ ಓಟ ಹನ್ನೆರಡೂವರೆ. ಎರಡು ಗಂಟೆಯ ಬಿಸಿಲಿಗೆ ಬೆಳಗ್ಗೆ ಹಾರಿದ ಕಾರುಗಳೆಲ್ಲ ಮಂಕಾಗಿವೆ, ಎರಡಂತೂ ಬಾನೆಟ್ ಎತ್ತಿಕೊಂಡು ಬದಿಗೆ ನಿಂತಿವೆ. ಸಾಲಿನಲ್ಲಿ ನೀಲಿ ಕಾರು ಕುದಿಯುತ್ತ ನಿಂತಿದೆ. ಜಾಹೀದ ಕಿಟಕಿಗೆ ಬಗ್ಗಿ, ‘ಅಕ್ಕಾರ, ಅಂಜಬ್ಯಾಡ್ರಿ. ಈ ಬಿಸಲು ಇದಕ್ಕ ಹೊಸಾದಲ್ಲ’ ಎನ್ನುತ್ತಾರೆ. ಹಸಿರು ದೀಪ ಹತ್ತುತ್ತದೆ.

ಕಾರು ಹೋದ ಕಡೆ ಜಾಹೀದ ನೋಡುವುದಿಲ್ಲ. ಕಣ್ಣು ಮುಚ್ಚಿ ಕಿವಿ ಅತ್ತ ಕೊಟ್ಟು ನಿಂತಿದ್ದಾರೆ. ಮುನ್ನೂರು ಮೀಟರಿನ ಹತ್ತಿರ ಅವರ ಮುಷ್ಟಿ ಬಿಗಿಯಾಗುತ್ತದೆ. ಸದ್ದು ಎಲ್ಲೂ ಹರಿಯದೆ ಕೊನೆಯವರೆಗೂ ಒಂದೇ ಎಳೆಯಾಗಿ ಹೋಗುತ್ತದೆ. ಫಲಕದ ಮೇಲೆ ಹನ್ನೊಂದು ಪಾಯಿಂಟ್ ಎಂಟು ಆರು. ಪಕ್ಕದಲ್ಲಿ ಓಡಿದ ಕೊಲ್ಹಾಪುರದ ಕಾರು ಒಂದು ಕೂದಲೆಳೆ ಮುಂದೆ ಹೋಗಿ ಗೆದ್ದಿದೆ. ಅದರ ಪರಿವೆ ಅಂಕಿತಾ ಅವರಿಗಿಲ್ಲ, ಹೆಲ್ಮೆಟ್ ಕಿತ್ತು ಕುಣಿಯುತ್ತಲೇ ಬರುತ್ತಾರೆ.

ಜಾಹೀದ ಮೊದಲು ಬಾನೆಟ್ ಎತ್ತುತ್ತಾರೆ. ಗೀಟು ಹಾಗೇ ಇದೆ. ಲ್ಯಾಪ್‌ಟಾಪ್ ಜೋಡಿಸಿ, ಪೆಟ್ಟಿನ ಲೆಕ್ಕ ತೋರಿಸುವ ಜಾಗಕ್ಕೆ ಬೆರಳಿಟ್ಟು, ಕನ್ನಡಕ ಏರಿಸಿ ಒಮ್ಮೆ ನೋಡುತ್ತಾರೆ, ಇನ್ನೊಮ್ಮೆ ನೋಡುತ್ತಾರೆ. ಹೋದ ವರ್ಷ ಹದಿನೇಳು ಇದ್ದಲ್ಲಿ ಈಗ ಒಂದು ಸೊನ್ನೆ. ಭರ್ಜರಿ ಟೈಮ್ ಬಂತಲ್ಲ ಮಿಸ್ತ್ರಿ ಎಂದು ಯಾರೋ ಬೆನ್ನು ತಟ್ಟುತ್ತಾರೆ.

‘ಟೈಮ್ ಅಕ್ಕಾರದ್ದರಿ’ ಎನ್ನುತ್ತಾರೆ ಜಾಹೀದ, ಪರದೆಯಿಂದ ಬೆರಳು ತೆಗೆಯದೆ. ‘ಈ ಸೊನ್ನಿ ಐತಲ್ರಿ, ಇದು ನಂದು.’